ಓಣಿಯ ಹಬ್ಬವೂ ಹೊರನಾಡ ಕನ್ನಡಿಗರೂ

(ಸಟಾಣಾದ ಕನ್ನಡ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಬರುವ ರಾಜ್ಯೋತ್ಸವವನ್ನು ಬಾಡಿಗೆಯ ಮಂಗಲ ಕಾರ್ಯಾಲಯದಲ್ಲಿ ನಮ್ಮಷ್ಟಕ್ಕೆ ನಾವು ಆಚರಿಸಬೇಕೋ, ವಾಸಿಸುವ ಓಣಿಯಲ್ಲಿಯೇ ನೆರೆಹೊರೆಯವರನ್ನು ಕೂಡಿಸಿಕೊಂಡು ಆಚರಿಸಬೇಕೋ ಎಂಬ ಚರ್ಚೆ ಕೆಲವು ವಾರಗಳಿಂದ ನಮ್ಮಲ್ಲಿ ನಡೆದಿದೆ. ಆ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಅಪ್ಪಣೆಯಾಗಿದೆ. ನಾನು ಓಣಿಯ ಪಕ್ಷದವನು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮುಂಬಯಿಯ ಮಾತು ಬೇರೆ. ಅಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ನಿನಂಥ ಸಂಸ್ಥೆಗಳಿವೆ, ಸ್ವಂತ ಸಭಾಂಗಣವಿದೆ, ಅದನ್ನು ತುಂಬುವಷ್ಟು ಕನ್ನಡಿಗರೂ ಇದ್ದಾರೆ. ನಮ್ಮ ಸಟಾಣಾ ಆರಂ ನದಿಯ ದಂಡೆಯ, ಈರುಳ್ಳಿ-ದಾಳಿಂಬೆಗಳ ಪೇಟೆಯೂರು. ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಎಲ್ಲೆಯನ್ನು ಗೋದಾವರಿಗೆ ಇಟ್ಟಿತು. ನಾವು ಅದನ್ನೂ ದಾಟಿ ಬಂದು ಕುಳಿತವರು! ಇಲ್ಲಿನ ಕನ್ನಡ ಮನೆಗಳು ಬೆರಳೆಣಿಕೆಯವು. ಅವುಗಳಲ್ಲಿ ಬಹುಪಾಲು ವರ್ಗಾವಣೆಯ ಆದೇಶ ಹಿಡಿದು ಬಂದವರವು.

ಅಂಥ ಆದೇಶ ಹಿಡಿದು ಬಂದ ಒಬ್ಬರ ಹೆಸರಿನಲ್ಲಿಯೇ ಈ ಊರು ಜಾತ್ರೆ ಮಾಡುತ್ತದೆ ಎಂಬುದನ್ನು ನಾವು ನೆನೆಯಬೇಕು. ಯಶವಂತ ಮಹಾದೇವ ಭೋಸೇಕರ ಇಲ್ಲಿ ಮಾಮಲೇದಾರರಾಗಿದ್ದರು. 1870-71ರ ಬರಗಾಲದಲ್ಲಿ ಸರಕಾರಿ ಖಜಾನೆಯ ಹಣವನ್ನು ಹಸಿದವರಿಗೆ ಹಂಚಿದರೆಂದು ಜನ ಅವರನ್ನು ದೇವಮಾಮಲೇದಾರ ಎಂದು ಕರೆದರು. ತಪಾಸಣೆಗೆ ಬಂದಾಗ ಖಜಾನೆ ತುಂಬಿಯೇ ಇತ್ತೆಂಬುದು ಐತಿಹ್ಯ. ಮೂರು ದಶಕ ಲೆಕ್ಕಪತ್ರಗಳ ನಡುವೆ ಕಳೆದಿದ್ದರೂ ಈ ಒಂದು ಲೆಕ್ಕವನ್ನು ಪರಿಶೀಲಿಸುವ ಮನಸ್ಸು ನನಗಾಗುವುದಿಲ್ಲ. ಅವರು 1887ರಲ್ಲಿ ನಾಸಿಕದಲ್ಲಿ ತೀರಿಕೊಂಡರು. ಮಾರ್ಗಶಿರ ಬಹುಳ ಏಕಾದಶಿಗೆ ಅವರ ಜಾತ್ರೆ ಇಂದಿಗೂ ಇಲ್ಲಿ ನಡೆಯುತ್ತದೆ. ಅವರು ಮರಾಠಿಗರೇ ನಿಜ; ಆದರೆ ಈ ಊರಿನವರಲ್ಲ, ಪುಣೆಯಲ್ಲಿ ಹುಟ್ಟಿದವರು. ಹೊರಗಿನಿಂದ ಬಂದವನನ್ನು ತನ್ನವನೆಂದುಕೊಳ್ಳುವ ರೂಢಿ ಈ ಊರಿಗೆ ಉಂಟು.

ಇನ್ನು ನಮ್ಮ ಓಣಿಯ ವಿಷಯ. ನಾಲ್ಕು ವರ್ಷಗಳಿಂದ ನಾವು ಮಾಡುತ್ತಿರುವುದು ದೊಡ್ಡದೇನಲ್ಲ. ಆಶ್ವಿನದ ಹುಣ್ಣಿಮೆಯ ರಾತ್ರಿ ಮಹಾರಾಷ್ಟ್ರದಲ್ಲಿ ಕೋಜಾಗರಿ. ಏಲಕ್ಕಿ, ಕೇಸರಿ, ಬಾದಾಮಿ ಹಾಕಿದ ಹಾಲನ್ನು ಕಾಯಿಸಿ, ಅದರಲ್ಲಿ ಚಂದ್ರನ ಬಿಂಬ ಕಂಡ ಮೇಲೆ ಕುಡಿಯುತ್ತಾರೆ. ಅದೇ ಹುಣ್ಣಿಮೆ ನಮ್ಮ ಧಾರವಾಡದ ಕಡೆ ಶೀಗೆ ಹುಣ್ಣಿಮೆ. ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ ಚರಗ ಚೆಲ್ಲುವ ದಿನ. ಒಂದೇ ಚಂದ್ರನಿಗೆ ಎರಡು ಹಬ್ಬ. ಹಗಲಿನ ಬುತ್ತಿಯನ್ನು ನಾವು ರಾತ್ರಿಗೆ ತಂದೆವು, ಹಾಲನ್ನು ಅವರು ಕಾಯಿಸಿದರು. ಮೂಲೆಯ ಮನೆಯ ಮಾಳಿಗೆಯೇ ಸಭಾಂಗಣವಾಯಿತು.

ವೇದಿಕೆಯಿಲ್ಲ, ಮುಖ್ಯ ಅತಿಥಿಯಿಲ್ಲ. ಶಾಲು-ಹಾರಗಳಲ್ಲಿಯೇ ಅರ್ಧ ಸಂಜೆ ಕಳೆಯುವ ಸಮಾರಂಭಗಳನ್ನು ತಾವೆಲ್ಲ ಸಾಕಷ್ಟು ಕಂಡಿದ್ದೀರಿ. ಧ್ವನಿವರ್ಧಕವೂ ಬೇಡ; ರಾತ್ರಿ ಹತ್ತರ ನಂತರ 2000ದ ಶಬ್ದಮಾಲಿನ್ಯ ನಿಯಮಗಳು ಅದನ್ನು ಒಪ್ಪುವುದಿಲ್ಲ, ಮಾಳಿಗೆಗೆ ಅದರ ಅಗತ್ಯವೂ ಇಲ್ಲ. ವಂತಿಗೆ ಎಲ್ಲ ಮನೆಗಳಿಗೂ ಒಂದೇ, ಯಾವ ಮನೆಗೂ ಭಾರವಾಗದಷ್ಟು. ಹೆಚ್ಚು ಕೊಡಲು ಬಂದವರ ಹಣವನ್ನು ನಾವು ತೆಗೆದುಕೊಳ್ಳಲಿಲ್ಲ. ಬದಲಿಗೆ ಅವರಿಂದ ಜಮಖಾನೆ ತರಿಸಿದೆವು, ಹಾಲಿಗೆ ಸೌಟು ಆಡಿಸಲು ನಿಲ್ಲಿಸಿದೆವು. ಕರೆದು ಕುರ್ಚಿ ಕೊಟ್ಟರೆ ಬಂದವನು ಅತಿಥಿ. ಕೈಗೆ ಕೆಲಸ ಕೊಟ್ಟರೆ ಮನೆಯವನು. ಮೊದಲ ವರ್ಷ ಬಾಗಿಲಲ್ಲೇ ನಿಂತು ನೋಡಿದ ಎದುರು ಮನೆಯವರು ಎರಡನೆಯ ವರ್ಷ ಒಲೆಯನ್ನೇ ಹೊತ್ತು ತಂದರು.

ಹಿರಿಯರೊಬ್ಬರ ಆತಂಕವನ್ನು ನಾನು ಹಗುರಾಗಿ ಕಾಣುವುದಿಲ್ಲ. ಎಲ್ಲರೂ ಕೂಡಿದರೆ ಮಾತು ಮರಾಠಿಗೆ ಹೊರಳುತ್ತದೆ, ವರ್ಷಕ್ಕೊಮ್ಮೆಯಾದರೂ ಮಕ್ಕಳ ಕಿವಿಗೆ ಬೀಳುವ ಕನ್ನಡವೂ ಹೋದೀತು ಎನ್ನುತ್ತಾರೆ. ಆದರೆ ಬಾಗಲಾಣದ ಈ ನೆರೆಯವರು ಯಾರು? ಇವರಲ್ಲಿ ಬಹಳ ಮಂದಿ ಮನೆಯಲ್ಲಿ ಅಹಿರಾಣಿ ಆಡಿ, ಶಾಲೆ-ಕಚೇರಿಗಳಲ್ಲಿ ಮರಾಠಿ ಆಡುವವರು. ಮನೆಯ ನುಡಿ ಬೇರೆ, ಬೀದಿಯ ನುಡಿ ಬೇರೆ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ಹೋದ ವರ್ಷ ಪಕ್ಕದ ಮನೆಯ ಅಜ್ಜಿ ಅಹಿರಾಣಿಯಲ್ಲಿ ಬೀಸುವ ಹಾಡು ಹೇಳಿ, ನಿಮ್ಮದೊಂದು ಆಗಲಿ ಎಂದು ನಮ್ಮ ಹುಡುಗಿಯೊಬ್ಬಳನ್ನು ಕೆಣಕಿದರು. ಮನೆಯಲ್ಲಿ ಎಷ್ಟು ಗೋಗರೆದರೂ ಕನ್ನಡದಲ್ಲಿ ಬಾಯಿ ಬಿಡದ ಆ ಹುಡುಗಿ ಎರಡು ಹಾಡು ಹಾಡಿದಳು. ಮುಚ್ಚಿದ ಬಾಗಿಲ ಹಿಂದಿನ ಭಾಷೆಯೆಂದರೆ ಮಕ್ಕಳಿಗೆ ನಾಚಿಕೆ. ಬೇರೆಯವರು ಕೇಳಬಯಸಿದ ಭಾಷೆಯೆಂದರೆ ಹೆಮ್ಮೆ.

ಇನ್ನೊಂದು ಮಾತು. 2022ರ ಡಿಸೆಂಬರಿನಲ್ಲಿ ಗಡಿ ಪ್ರಶ್ನೆ ಕಾವೇರಿದಾಗ ಹಿರೇಬಾಗೇವಾಡಿಯ ಬಳಿ ಮಹಾರಾಷ್ಟ್ರದ ವಾಹನಗಳಿಗೆ ಕಲ್ಲು ಬಿದ್ದವು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು, ಎರಡೂ ಕಡೆಯ ಬಸ್ಸುಗಳ ಓಡಾಟಕ್ಕೆ ತಡೆಯಾಯಿತು. ಆ ವಾರ ನನ್ನ ಮಗಳು ಬೆಳಗಾವಿಯಿಂದ ಬರಬೇಕಿತ್ತು. ಎದುರು ಮನೆಯವರು ಸಂಜೆ ಬಂದು ಕುಳಿತು ಚಹ ಕುಡಿದರು. ಗಡಿಯ ಮಾತೆತ್ತಲಿಲ್ಲ. "ಸಾಹೇಬರೆ, ಬಸ್ಸು ಬೇಡ, ಗೋವಾ ಎಕ್ಸ್‌ಪ್ರೆಸ್ಸಿಗೆ ಬರಹೇಳಿ. ಮನಮಾಡಕ್ಕೆ ನನ್ನ ಗಾಡಿ ತರುತ್ತೇನೆ" ಎಂದರು, ತಂದರು ಕೂಡ. ಅವರ ಮತ ಗಡಿಯ ವಿಷಯದಲ್ಲಿ ನನ್ನದಲ್ಲ, ಇಂದಿಗೂ ಅಲ್ಲ.

ಆದ್ದರಿಂದ ನನ್ನ ಸೂಚನೆ ಇಷ್ಟು. ನವೆಂಬರ್ 1ರ ಬೆಳಗ್ಗೆ ಭುವನೇಶ್ವರಿಯ ಪೂಜೆ, ಮಕ್ಕಳ ಕನ್ನಡ ಓದು ನಮ್ಮ ಮನೆಗಳವರದೇ ಆಗಿರಲಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಸಂಜೆಯ ಊಟ, ಹಾಡು ಓಣಿಯಲ್ಲಾಗಲಿ. ಕಾರ್ಯಾಲಯದ ಬಾಡಿಗೆ ಉಳಿಯುವುದರಿಂದ ಆ ಹಣಕ್ಕೆ ಮಕ್ಕಳಿಗಾಗಿ ಕನ್ನಡ ಪುಸ್ತಕಗಳನ್ನು ತರಿಸಬಹುದು. ಅದಕ್ಕೂ ಮೊದಲು ಶೀಗೆ ಹುಣ್ಣಿಮೆಯಿದೆ. ಈ ಸಲ ಬುತ್ತಿಯ ಜೋಳದ ಹಿಟ್ಟನ್ನು ಒದಗಿಸುವವರು ಸಭೆ ಮುಗಿಯುವ ಮೊದಲು ಕಾರ್ಯದರ್ಶಿಗಳ ಬಳಿ ಹೆಸರು ಬರೆಸಬೇಕು.