ಹಳೆ ಬೋಟ್ ಮೋಟಾರಿನ ಇಸವಿ ಪತ್ತೆ ಹಚ್ಚೋದು ಹೇಗೆ?

ಐರೋಲಿಯಲ್ಲಿರೋ ನನ್ನ ಗೆಳೆಯ ಗಂಗೊಳ್ಳಿಯವನು. ಊರಿಂದ ಅಪ್ಪನ ಹಳೇ ಜಾನ್ಸನ್ ಔಟ್‌ಬೋರ್ಡ್ ಮೋಟಾರು ತಂದಿದ್ದಾನೆ. ಗುಜರಿಯವನು ಕೆಜಿ ಲೆಕ್ಕದಲ್ಲಿ ಕೇಳ್ತಿದ್ದ. ಇವನನ್ನ ಇಂಜಿನಿಯರಿಂಗ್ ಓದಿಸಿದ್ದೇ ಆ ಮೋಟಾರಿನ ದುಡಿಮೆ. ಕೊಡೋಕೆ ಮನಸ್ಸು ಬರುತ್ತಾ?

ಮೊದಲು ಇಸವಿ ಬೇಕು. ಇಸವಿ ತಪ್ಪಿದ್ರೆ ತರಿಸಿದ ಬಿಡಿಭಾಗ ಕೂರಲ್ಲ. ದೋಣಿಗೆ ಕಚ್ಚುವ ಬ್ರಾಕೆಟ್ ಮೇಲಿನ ತಗಡನ್ನ ಉಪ್ಪುನೀರು ತಿಂದಿತ್ತು. ಹಾಗಾದಾಗ ಇಂಜಿನ್ ಬ್ಲಾಕಿನ ಮೇಲಿರೋ ದುಂಡನೆಯ ಲೋಹದ ಮುಚ್ಚಳ ನೋಡಿ, ಮಾಡೆಲ್ ನಂಬರ್ ಅಲ್ಲೂ ಒತ್ತಿರ್ತಾರೆ.

1980ರ ಮಾಡೆಲ್‌ನಿಂದ ಜಾನ್ಸನ್, ಎವಿನ್‌ರೂಡ್ ಎರಡಕ್ಕೂ ‘ಇಂಟ್ರೊಡ್ಯೂಸಸ್’ ಅನ್ನೋ ಇಂಗ್ಲಿಷ್ ಪದವೇ ಕೀಲಿ. ಐ 1, ಎನ್ 2, ಟಿ 3, ಆರ್ 4, ಓ 5, ಡಿ 6, ಯು 7, ಸಿ 8, ಇ 9, ಎಸ್ 0. ನಮ್ಮ ಲುಕಪ್ ಟೇಬಲ್ಲೇ! ಕೊನೆಯಲ್ಲಿ ಆವೃತ್ತಿಯ ಅಕ್ಷರ ಇದ್ರೆ ಅದನ್ನ ಬಿಟ್ಟು ಹಿಂದಿನ ಎರಡು ಓದಿ. ಇವನದ್ದು ‘ಸಿ ಓ’, ಅಂದ್ರೆ 1985.

ಹಗ್ಗ ಎಳೆಯೋ ಆತುರ ಬೇಡ. ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರುಗಳ ಕಂಪ್ರೆಷನ್ ಅಳೆಯಿರಿ. ಇವನದ್ದರಲ್ಲಿ ಎರಡೂ ಹತ್ತಿರಹತ್ತಿರ ಬಂತು, ಜೀವ ಇದೆ ಅಂತಾಯ್ತು. ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಮಾತ್ರ ಕಲ್ಲಾಗಿತ್ತು, ಹೊಸದು ಹಾಕಿದ್ವಿ. ಆಮೇಲೆ ಡ್ರಮ್ಮಿನ ಸಿಹಿನೀರಲ್ಲಿ ಮುಳುಗಿಸಿಯೇ ಓಡಿಸಿ. ಒಣಗಿದ್ದಾಗ ಓಡಿಸಿದ್ರೆ ಹೊಸ ಇಂಪೆಲ್ಲರ್ ಕೂಡ ಕ್ಷಣದಲ್ಲಿ ಹಾಳು. ಹಿಂಬದಿಯ ಸಣ್ಣ ತೂತಿಂದ ನೀರು ಚಿಮ್ಮದಿದ್ರೆ ತಕ್ಷಣ ಆಫ್ ಮಾಡಿ. ಹೊಗೆ, ಸದ್ದು ಜಾಸ್ತಿ. ಡೊಂಬಿವಲಿ ಸೊಸೈಟಿ ಟೆರೇಸ್ ಮೇಲಂತೂ ಬೇಡ.