ಹಳೆಯ ಗಣಕ, ಹೊಸ ಗಣಕ



ಗಣಕಯಂತ್ರದ ಹಳೆಯ ಕಾರ್ಯಾಚರಣ ವ್ಯವಸ್ಥೆಗಳೇ ಮೇಲೆಂದು ನಾವು ಹೇಳುವುದುಂಟು. ವಿಂಡೋಸ್ 98 ಕೇವಲ 16 ಮೆಗಾಬೈಟ್ ಸ್ಮೃತಿಯಲ್ಲೂ ನಡೆಯುತ್ತಿತ್ತು; ಆ ಹಗುರತನ ಇಂದಿನವುಗಳಿಗಿಲ್ಲ, ನಿಜ. ಆದರೆ ಅದರೊಳಗೆ ಕನ್ನಡವಿರಲಿಲ್ಲ. ‘ಬರಹ’ದಂಥ ತಂತ್ರಾಂಶವನ್ನು ಬೇರೆಯಾಗಿ ಸೇರಿಸಬೇಕಿತ್ತು, ಅದರ ಅಕ್ಷರಶೈಲಿಯಿಲ್ಲದ ಗಣಕದಲ್ಲಿ ನಮ್ಮ ಬರವಣಿಗೆ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಯುನಿಕೋಡ್ ಕನ್ನಡವನ್ನು ತನ್ನೊಳಗೇ ತಂದಿತು. ಕೇರಳದ ಶಾಲೆಗಳಲ್ಲಿರುವ ಉಬುಂಟು ಆಧಾರಿತ ಸ್ವತಂತ್ರ ವ್ಯವಸ್ಥೆಯೂ ಕನ್ನಡವನ್ನು ಬಲ್ಲದು. ವಯನಾಡಿನ ಮಗು ಬರೆದ ಕನ್ನಡ ಪತ್ರ ಇಂದು ಮೈಸೂರಿನಲ್ಲೂ ಅಕ್ಷರ ಕೆಡದೆ ತೆರೆದುಕೊಳ್ಳುತ್ತದೆ. ಗಡಿನಾಡಿನವರಾದ ನಮಗೆ ವೇಗಕ್ಕಿಂತ ಇದೇ ದೊಡ್ಡದು. ಹಳೆಯ ಅಕ್ಷರಶೈಲಿಯಲ್ಲಿ ಸಿಲುಕಿರುವ ಶಾಲೆಯ ಬರಹಗಳನ್ನು ಈ ಶತಮಾನೋತ್ಸವ ವರ್ಷದಲ್ಲೇ ಯುನಿಕೋಡಿಗೆ ತರೋಣ. ಅವನ್ನು ಓದಬಲ್ಲ ಯಂತ್ರಗಳು ಕಣ್ಮರೆಯಾದ ಮೇಲೆ ಆ ಕೆಲಸ ಕಷ್ಟ.