ಆರನೇ ಇಯತ್ತೆಯ ಹುಡುಗನನ್ನ ಯಾರು ಕೇಳ್ತಾರೆ?



ಇವತ್ತು ರಾಜಕೀಯ ಬೇಡ. ಯಾರ ಕುರ್ಚಿ ಅಲುಗಾಡ್ತಿದೆ, ಯಾರು ಯಾರ ಮನೆಗೆ ಊಟಕ್ಕೆ ಹೋದರು ಅನ್ನೋದನ್ನ ನಾಳೆ ನೋಡೋಣ. ಅದು ನಾಳೆಯೂ ಇರುತ್ತೆ. ಇವತ್ತು ನಾನು ಹತ್ತು ಹನ್ನೊಂದು ವರ್ಷದ ಒಬ್ಬ ಹುಡುಗನ ಬಗ್ಗೆ ಮಾತಾಡಬೇಕು.

ಮೊನ್ನೆ ವಿಜಯಪುರಕ್ಕೆ ಹೋಗಿದ್ದೆ. ಗೋಳಗುಮ್ಮಟದ ಹತ್ತಿರ ಒಂದು ಚಹಾದಂಗಡಿಯಲ್ಲಿ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ತಂದೆ ಮಗ. ತಿಕೋಟಾ ಕಡೆಯವರು. ನನ್ನ ಗುರುತು ಹಿಡಿದು ತಂದೆ ಮಾತಿಗೆ ಬಂದರು. "ಸರ್, ನವೋದಯ ರಿಸಲ್ಟ್ ಬಂತ್ರಿ. ಇವಂದು ಆಗಲಿಲ್ಲ. ಒಂದು ವರ್ಷ ಕೋಚಿಂಗ್ ಹಾಕಿದ್ದೆ. ದ್ರಾಕ್ಷಿ ಪಡದಾಗ ಬಂದ ರೊಕ್ಕ ಅಷ್ಟೂ ಇವಗ ಸುರದೇನ್ರಿ." ಹುಡುಗ ತಲೆ ಎತ್ತಲಿಲ್ಲ. ಬಶಿಯಲ್ಲಿ ಆರಿಹೋಗಿದ್ದ ಚಹಾವನ್ನೇ ನೋಡ್ತಾ ಕೂತಿದ್ದ.

"ಇನ್ನೇನು ಮಾಡ್ತೀರಿ?" ಅಂದೆ.

"ಏನ್ ಮಾಡೂದ್ರಿ, ಊರಾಗಿನ ಸಾಲಿಗೆ ಹಾಕೂದು."

ಜೈಲಿಗೆ ಹಾಕೂದು ಅಂದ ಹಾಗೆ ಕೇಳಿಸ್ತು ನನಗೆ. ಅವರದ್ದು ತಪ್ಪಿಲ್ಲ. ಮಗನ ಮೇಲಿನ ಪ್ರೀತಿಯಿಂದಲೇ ಅವರು ಅಷ್ಟು ದುಡ್ಡು ಸುರಿದಿದ್ದು. ಆದರೆ ಆ ಹುಡುಗನಿಗೆ ಅವತ್ತು ಏನು ಅರ್ಥವಾಯ್ತು ಹೇಳಿ? ಹನ್ನೊಂದು ವರ್ಷಕ್ಕೇ ತಾನು ಫೇಲು. ಹೋಗಬೇಕಾದ ಜಾಗ ತಪ್ಪಿಹೋಯ್ತು, ಈಗ ಉಳಿದ ಜಾಗಕ್ಕೆ ಹೋಗ್ತಿದ್ದೇನೆ.

ಲೆಕ್ಕ ನೋಡಿ. ಒಂದು ನವೋದಯ ಶಾಲೆಗೆ ಆರನೇ ತರಗತಿಗೆ ವರ್ಷಕ್ಕೆ ತಗೊಳ್ಳೋದು 80 ಮಕ್ಕಳನ್ನ. ಪರೀಕ್ಷೆ 2 ಗಂಟೆ, 80 ಪ್ರಶ್ನೆ, 100 ಅಂಕ. ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ಇದೆ, ದೇಶಕ್ಕೆ ಎಂಥೆಂಥ ಅಧಿಕಾರಿಗಳನ್ನ ಕೊಟ್ಟಿದೆ. ಆಲಮಟ್ಟಿಯಲ್ಲಿ ನವೋದಯ ಇದೆ. ಮೊರಾರ್ಜಿ ವಸತಿ ಶಾಲೆಗಳಿವೆ. ಎಲ್ಲವೂ ಒಳ್ಳೆಯ ಶಾಲೆಗಳೇ, ನಮ್ಮ ಹೆಮ್ಮೆಯೇ. ಆದರೆ ಅಲ್ಲಿ ಸೀಟು ಸಿಗೋದು ಕೆಲವರಿಗೆ. ಉಳಿದ ಸಾವಿರಾರು ಮಕ್ಕಳು ಆರು, ಏಳು, ಎಂಟನೇ ಇಯತ್ತೆ ಓದೋದು ಊರಾಗಿನ ಸಾಲಿಯಲ್ಲೇ. ಆ ಸಾಲಿ ಚೆನ್ನಾಗಿರಬೇಕು ಅಂತ ನಾವು ಯಾರಾದ್ರೂ ಒಂದು ವರ್ಷದ ದ್ರಾಕ್ಷಿ ರೊಕ್ಕದಷ್ಟು ಬೇಡ, ಒಂದು ದಿನದ ಸಮಯ ಕೊಟ್ಟಿದ್ದೇವಾ?

ನಾನು ಯಾಕಿಷ್ಟು ಕೇಳ್ತಿದ್ದೀನಿ ಅಂದರೆ, ಆ ಬೆಂಚಿನ ಮೇಲೆ ನಾನೂ ಒಂದು ಕಾಲಕ್ಕೆ ಕೂತಿದ್ದೆ.

ಹೌದು, ನಾನೂ ನವೋದಯ ಪರೀಕ್ಷೆ ಬರೆದವನು. ಆಗಲಿಲ್ಲ. ಕಟ್ಟೆ ಮೇಲೆ ಕೂತಿದ್ದ ನಮ್ಮ ಕಾಕಾ "ಇವನ ಕಡಿಂದ ಆಗೂ ಮಾತಲ್ಲ ಬಿಡು" ಅಂದಿದ್ದು ಇವತ್ತಿಗೂ ಕಿವಿಯಲ್ಲಿದೆ. ಊರ ಶಾಲೆಗೆ ಹೋದೆ. ಅಲ್ಲೊಬ್ಬರು ಗಣಿತದ ಮಾಸ್ತರು ನನ್ನನ್ನ ಕರೆದು ತಾಂಡಾದ ಒಬ್ಬ ಹುಡುಗನ ಪಕ್ಕ ಕೂರಿಸಿದರು. "ತಮ್ಮಾ, ಇವಗ ಭಿನ್ನರಾಶಿ ಕಲಸು. ಇವ ಪಾಸಾದ್ರ ನೀ ಪಾಸು" ಅಂದರು. ನನಗೆ ಸಿಟ್ಟು ಬಂತು. ನಾನು ಟ್ಯೂಷನ್‌ನಲ್ಲಿ ಭಿನ್ನರಾಶಿ ಅರೆದು ಕುಡಿದವನು!

ಆ ಹುಡುಗ ಮೊದಲ ದಿನವೇ ಒಂದು ಪ್ರಶ್ನೆ ಕೇಳಿದ. "ಮೂರಕ್ಕಿಂತ ನಾಲ್ಕು ದೊಡ್ಡದು. ಮತ್ತ ನಾಲ್ಕನೇ ಒಂದು ಯಾಕ ಸಣ್ಣದು?" ನನಗೆ ಉತ್ತರ ಗೊತ್ತಿರಲಿಲ್ಲ. ಲೆಕ್ಕ ಬಿಡಿಸೋ ಉಪಾಯ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವನೇ ಉತ್ತರ ಹುಡುಕಿದ. ಒಂದು ರೊಟ್ಟಿ ಮೂರು ಮಂದಿ ಹಂಚಿಕೊಂಡರೆ ದೊಡ್ಡ ತುಂಡು, ನಾಲ್ಕು ಮಂದಿ ಬಂದರೆ ಸಣ್ಣ ತುಂಡು. ಆವತ್ತು ಗಣಿತ ನನಗೆ ಅವನು ಕಲಿಸಿದ. ನಾನು ಕಲಿಸ್ತಿದ್ದೀನಿ ಅಂದುಕೊಂಡಿದ್ದೆ, ಅಷ್ಟೇ.

ದಸರಾ ಮುಗಿದ ಮೇಲೆ ಅವನ ಅವ್ವ ಅಪ್ಪ ಕಬ್ಬು ಕಡಿಯೋಕೆ ಮಹಾರಾಷ್ಟ್ರಕ್ಕೆ ಹೋದರು. ಅವನೂ ಹೋದ. ಯುಗಾದಿ ಹೊತ್ತಿಗೆ ಬಂದ. ಏಳನೇ ಇಯತ್ತೆಗೆ ಅವನು ಬರಲೇ ಇಲ್ಲ. ಅವನನ್ನ ಕರೆಯೋಕೆ ಶಾಲೆಯಿಂದ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ತಾಂಡಾ ಇದ್ದದ್ದು ನಮ್ಮ ಮನೆಯಿಂದ ಬರೀ ಎರಡು ಕಿಲೋಮೀಟರ್. ನಾನು ಇವತ್ತು ಈ ಸ್ಟುಡಿಯೋದಲ್ಲಿ ಸೂಟು ಹಾಕಿಕೊಂಡು ಕೂತಿದ್ದೀನಿ. ಅವನು ಎಲ್ಲಿದ್ದಾನೋ. ನನಗಿಂತ ಅವನ ತಲೆ ಚುರುಕಿತ್ತು ಅನ್ನೋದಂತೂ ಸತ್ಯ.

ಈಗ ಇನ್ನೊಂದು ಶಾಲೆಗೆ ಬನ್ನಿ. ಬಬಲೇಶ್ವರ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಹೆಸರು ಹೇಳಬೇಡಿ ಅಂತ ಮುಖ್ಯಗುರುಗಳೇ ಕೇಳಿಕೊಂಡರು. "ಹೆಸರು ಹೇಳಿದ್ರ ನಾಳೆ ನೋಡಾಕ ಮಂದಿ ಬರ್ತಾರ್ರಿ, ಪಾಠ ನಿಲ್ತದ" ಅಂದರು. ಸರಿ, ಹೇಳೋದಿಲ್ಲ.

ಅಲ್ಲಿ ದೊಡ್ಡ ಯೋಜನೆ ಏನಿಲ್ಲ. ಸ್ಮಾರ್ಟ್ ಕ್ಲಾಸಿನ ಪರದೆ ಕೂಡ ಕೆಟ್ಟು ಕೂತಿದೆ. ಆದರೆ ಆರರಿಂದ ಎಂಟರವರೆಗಿನ ಮಕ್ಕಳನ್ನ ಶಿಕ್ಷಕರು ಹಂಚಿಕೊಂಡಿದ್ದಾರೆ. ಒಬ್ಬೊಬ್ಬರಿಗೆ ಇಪ್ಪತ್ತು ಇಪ್ಪತ್ತೈದು ಮಕ್ಕಳು. ಆ ಮಗುವಿನ ಮನೆಯಲ್ಲಿ ಯಾರಿದ್ದಾರೆ, ಅವ್ವ ಯಾವ ಕೆಲಸಕ್ಕೆ ಹೋಗ್ತಾಳೆ, ರಾತ್ರಿ ಓದೋಕೆ ಲೈಟು ಇದೆಯಾ, ಇಷ್ಟು ಅವರಿಗೆ ಗೊತ್ತಿರಲೇಬೇಕು. ಬೆಳಿಗ್ಗೆ ಹಾಜರಿ ಆದ ಮೇಲೆ ಬಾರದ ಮಗುವಿನ ಮನೆಗೆ ಫೋನು. ಮೂರನೇ ದಿನವೂ ಬರದಿದ್ದರೆ ಸಂಜೆ ಯಾರಾದರೂ ಮನೆಗೇ ಹೋಗ್ತಾರೆ. ದಸರಾಕ್ಕೆ ಮೊದಲೇ ಯಾವ ಮನೆಯವರು ಕಬ್ಬಿಗೆ ಹೋಗ್ತಾರೆ ಅನ್ನೋ ಪಟ್ಟಿ ಸಿದ್ಧ. ಮಗುವನ್ನ ಆಯಿ ಹತ್ತಿರ ಬಿಟ್ಟು ಹೋಗೋಕೆ ಒಪ್ಪಿಸ್ತಾರೆ. ದ್ರಾಕ್ಷಿ ಕಟಾವು, ಮಣೂಕ ಶೆಡ್ಡಿನ ಕೆಲಸ ಬರೋದು ಫೆಬ್ರವರಿ, ಮಾರ್ಚಿನಲ್ಲಿ, ಸರಿಯಾಗಿ ಪರೀಕ್ಷೆ ಹೊತ್ತಿಗೆ. ಪಡದ ಮಾಲೀಕರ ಹತ್ತಿರ ಎಸ್‌ಡಿಎಂಸಿಯವರೇ ಹೋಗಿ ಹೇಳಿ ಬಂದಿದ್ದಾರೆ: "ಹುಡುಗರನ್ನ ಕೆಲಸಕ್ಕ ಕರಿಬ್ಯಾಡ್ರಿ."

ಒಂದು ಹುಡುಗಿ ಕಥೆ ಕೇಳಿ. ಏಳನೇ ಇಯತ್ತೆ. ಎತ್ತರದ ಹುಡುಗಿ ಅಂತ ಕೊನೆ ಸಾಲಿನಲ್ಲಿ ಕೂರಿಸ್ತಿದ್ದರು. ಗಣಿತದಲ್ಲಿ 50ಕ್ಕೆ 11. ದಡ್ಡಿ ಅಂತ ಎಲ್ಲರೂ ತೀರ್ಮಾನಿಸಿ ಆಗಿತ್ತು. ಆಟದ ಮೈದಾನದಲ್ಲಿ ಆಕೆಗೆ ಚೆಂಡು ಹತ್ತಿರ ಬರೋವರೆಗೂ ಕಾಣ್ತಿಲ್ಲ ಅನ್ನೋದನ್ನ ಗಮನಿಸಿದವರು ದೈಹಿಕ ಶಿಕ್ಷಕರು. ಕಣ್ಣು ಪರೀಕ್ಷೆ ಮಾಡಿಸಿದರು. ಬೋರ್ಡು ಕಾಣ್ತಾನೇ ಇರಲಿಲ್ಲ ಆಕೆಗೆ! ಎರಡು ವರ್ಷ ಪಕ್ಕದವಳ ಪಟ್ಟಿ ನೋಡಿ ಬರೆದುಕೊಂಡಿದ್ದಳು. ಕನ್ನಡಕ ಬಂತು. ಮುಂದಿನ ಪರೀಕ್ಷೆಯಲ್ಲಿ 31. ಇದರಲ್ಲಿ ಪವಾಡ ಇದೆಯಾ? ಒಬ್ಬರು ಆ ಮಗುವನ್ನ ಸರಿಯಾಗಿ ನೋಡಿದರು, ಅಷ್ಟೇ.

ಇಲ್ಲಿ ನಾನು ಒಂದು ಮಾತು ಸ್ಪಷ್ಟ ಮಾಡಬೇಕು. ಮಮತೆ ಅಂದರೆ ಮುದ್ದು ಮಾಡೋದು, ಅಂಕ ಸಡಿಲ ಬಿಡೋದು ಅಂತ ತಿಳಿಯಬೇಡಿ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಕೃಪಾಂಕ ಹೆಚ್ಚಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳೀತು. ಏನು ಹೇಳುತ್ತೆ ಇದು? ಕಿಟಕಿಯಿಂದ ಚೀಟಿ ಎಸೆದವರೆಲ್ಲ ಆ ಮಕ್ಕಳ ಹಿತೈಷಿಗಳು ಅಂದುಕೊಂಡಿದ್ವಿ. ಅದು ಮಮತೆ ಅಲ್ಲ, ಮೋಸ. ಆರನೇ ಇಯತ್ತೆಯಲ್ಲಿ ಭಿನ್ನರಾಶಿ ಕಲಿಸದೆ ಹತ್ತನೇ ಇಯತ್ತೆಯಲ್ಲಿ ಚೀಟಿ ಕೊಟ್ಟರೆ ಆ ಮಗು ಪಿಯುಸಿಯಲ್ಲಿ ಬೀಳುತ್ತೆ, ಏಳೋಕೆ ಆಗದ ಹಾಗೆ ಬೀಳುತ್ತೆ. ನಿಜವಾದ ಪ್ರೀತಿ ಇದ್ದವನು "ನಿನಗೆ ಬರುತ್ತೆ, ಬರೋವರೆಗೂ ಬಿಡಲ್ಲ" ಅಂತಾನೆ.

ಇದು ನನ್ನ ಒಬ್ಬನ ತಲೆಯ ಮಾತಲ್ಲ. ಅಮೆರಿಕದ ನ್ಯೂ ಹೇವನ್ ಅನ್ನೋ ಊರಲ್ಲಿ 1968ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮಕ್ಕಳ ಮನೋವೈದ್ಯ ಜೇಮ್ಸ್ ಕಾಮರ್ ಎರಡು ಬಡ ಶಾಲೆಗಳನ್ನ ಆರಿಸಿಕೊಂಡರು. ಕಪ್ಪು ಜನಾಂಗದ ಮಕ್ಕಳೇ ತುಂಬಿದ್ದ, ಫಲಿತಾಂಶದಲ್ಲಿ ಕೊನೆಯ ಸಾಲಿನ ಶಾಲೆಗಳು. ಅವರು ಪಾಲಕರನ್ನ ಶಾಲೆಯ ಒಳಗೆ ಕರೆತಂದರು. ಶಿಕ್ಷಕರು, ಪಾಲಕರು, ಮಕ್ಕಳ ಮನಸ್ಸು ಬಲ್ಲವರು ಒಂದೇ ಮೇಜಿಗೆ ಕೂತರು. ತಪ್ಪು ಯಾರದ್ದು ಅಂತ ಬೆರಳು ತೋರಿಸೋ ಹಾಗಿಲ್ಲ, ಏನು ಮಾಡೋಣ ಅನ್ನೋದಷ್ಟೇ ಮಾತು. ವರ್ಷಗಳು ಹಿಡಿದವು. ಆದರೆ ಮಕ್ಕಳ ಹಾಜರಿ, ನಡತೆ, ಅಂಕ ಮೂರೂ ಮೇಲೆ ಬಂದವು.

ಅಷ್ಟು ದೂರ ಯಾಕೆ? ನಮ್ಮ ವಿಜಯಪುರದಲ್ಲೇ 1910ರಲ್ಲಿ ಧಾರವಾಡದಿಂದ ಬಂದ ಒಬ್ಬ ವಕೀಲರು, ಫ.ಗು. ಹಳಕಟ್ಟಿಯವರು, ಜನರನ್ನ ಸೇರಿಸಿ ಬಿಎಲ್‌ಡಿಇ ಸಂಸ್ಥೆ ಕಟ್ಟಿದರು. ವಚನಗಳನ್ನ ಅಚ್ಚು ಹಾಕೋಕೆ ಮನೆ ಮಾರಿದವರು ಅವರು. ಶಾಲೆ ಅನ್ನೋದು ಸರ್ಕಾರ ಕೊಡೋ ಕಟ್ಟಡ ಅಲ್ಲ, ಊರು ಕಟ್ಟಿಕೊಳ್ಳೋ ಸಂಗತಿ ಅನ್ನೋದು ಈ ಮಣ್ಣಿಗೆ ಹೊಸದೇನಲ್ಲ. ಬಿಸಿಯೂಟ ನೋಡಿ. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಆಗಿನ ಬಿಜಾಪುರವೂ ಒಂದು. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಕೊಡೋಕೆ ಶುರುಮಾಡಿದ ಏಳು ಜಿಲ್ಲೆಗಳಲ್ಲೂ ವಿಜಯಪುರ ಇತ್ತು. ಹೊಟ್ಟೆಯ ಚಿಂತೆ ಒಂದಿಷ್ಟು ಮಾಡಿದ್ದೇವೆ. ಈಗ ತಲೆ ಮತ್ತು ಮನಸ್ಸಿನ ಚಿಂತೆ ಮಾಡಬೇಕು.

ಕಾನೂನು ನಮ್ಮ ಕೈಯಲ್ಲೇ ಇದೆ. ಶಿಕ್ಷಣ ಹಕ್ಕು ಕಾಯ್ದೆ ಏನು ಹೇಳುತ್ತೆ ಗೊತ್ತಾ? ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರು ಇರಬೇಕು. ಆರರಿಂದ ಎಂಟರವರೆಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರು ಇರಬೇಕು. ವಿಜ್ಞಾನ ಮತ್ತು ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗೆ ಬೇರೆ ಬೇರೆ ಶಿಕ್ಷಕರು ಇರಬೇಕು. ನಿಮ್ಮ ಊರ ಶಾಲೆಯಲ್ಲಿ ಇದ್ದಾರಾ? ಕೇಳಿದ್ದೀರಾ? ಎಸ್‌ಡಿಎಂಸಿ ಸಭೆಗೆ ಕಡೆಯ ಸಲ ಹೋಗಿದ್ದು ಯಾವಾಗ? ಆಗಸ್ಟ್ 15ಕ್ಕೆ ಧ್ವಜ ಹಾರಿಸೋಕೆ ಹೋಗಿದ್ದನ್ನ ಲೆಕ್ಕಕ್ಕೆ ಹಿಡಿಯಬೇಡಿ.

ಸರ್ಕಾರಕ್ಕೂ ಒಂದು ಮಾತು. ಆ ಮುಖ್ಯಗುರುಗಳು ನನ್ನನ್ನ ಗೇಟಿನವರೆಗೆ ಬಿಡೋಕೆ ಬಂದಾಗ ಹೇಳಿದ್ದು ಇದು: "ಸರ್, ಮಮತಿ ಒಂದರಿಂದ ಭಿನ್ನರಾಶಿ ಬರೂದಿಲ್ರಿ. ನಮಗ ವಿಜ್ಞಾನದ ಮಾಸ್ತರ್ ಬೇಕು. ಅತಿಥಿ ಶಿಕ್ಷಕರ ಮ್ಯಾಲೆ ಎಷ್ಟು ವರ್ಷ ನಡಸೂದು?" ಉತ್ತರ ಕೊಡಬೇಕಾದವರು ಬೆಂಗಳೂರಿನಲ್ಲಿ ಕೂತಿದ್ದಾರೆ. ಈ ಕಾರ್ಯಕ್ರಮ ನೋಡ್ತಾ ಇದ್ದರೆ ಕೇಳಿಸಿಕೊಳ್ಳಲಿ.

ಇನ್ನು ನಮ್ಮ ಮಾಧ್ಯಮದ ಮಾತು. ರಿಸಲ್ಟ್ ಬಂದ ದಿನ ನಾವು ಏನು ಮಾಡ್ತೀವಿ? 625ಕ್ಕೆ 625 ತಗೊಂಡ ಮಗುವಿನ ಬಾಯಿಗೆ ಪೇಢೆ ಇಡೋದನ್ನ ದಿನವಿಡೀ ತೋರಿಸ್ತೀವಿ. ತೋರಿಸಲಿ, ಆ ಮಗು ಕಷ್ಟಪಟ್ಟಿದೆ. ಆದರೆ ಆರನೇ ಇಯತ್ತೆಗೆ ಸೇರಿದ ಎಷ್ಟು ಮಕ್ಕಳು ಹತ್ತನೇ ಇಯತ್ತೆ ಪರೀಕ್ಷೆಗೆ ಕೂತೇ ಇಲ್ಲ ಅಂತ ನಾನು ಒಂದು ದಿನವಾದರೂ ಈ ಕುರ್ಚಿಯಿಂದ ಕೇಳಿದ್ದೇನಾ? ಇಲ್ಲ. ಇವತ್ತು ಒಪ್ಪಿಕೊಳ್ತೀನಿ.

ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಹೋದವರಿಗೆ ಗೊತ್ತು. ಗೋಡೆಗೆ ಬಾಯಿಟ್ಟು ಮೆಲ್ಲಗೆ ಒಂದು ಮಾತು ಆಡಿದರೆ ಎದುರು ಬದಿಯಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕೇಳುತ್ತೆ. ಜೋರಾಗಿ ಕೂಗಿದರೆ ಮತ್ತೆ ಮತ್ತೆ ಪ್ರತಿಧ್ವನಿ. ಮಕ್ಕಳ ತಲೆಯೂ ಹಾಗೇ ಇದೆ. ನಮ್ಮ ಕಾಕಾನ ಆ ಒಂದು ಮಾತು ನನಗೆ ಇವತ್ತಿಗೂ ಕೇಳ್ತಿದೆ. ಆ ಮಾಸ್ತರರ "ಇವ ಪಾಸಾದ್ರ ನೀ ಪಾಸು" ಅನ್ನೋದೂ ಕೇಳ್ತಿದೆ. ನನ್ನನ್ನ ಇಲ್ಲಿಗೆ ತಂದಿದ್ದು ಎರಡನೆಯದು.

ಚಹಾದಂಗಡಿಯ ಆ ಹುಡುಗನಿಗೆ ಹೊರಡೋ ಮುಂಚೆ ನಾನು ಇಷ್ಟೇ ಹೇಳಿದೆ. "ತಮ್ಮಾ, ನಂದೂ ನವೋದಯ ಆಗಿರಲಿಲ್ಲ." ಅವನು ಮೊದಲ ಸಲ ತಲೆ ಎತ್ತಿ ನೋಡಿದ. ಆಮೇಲೆ ಆರಿದ ಚಹಾ ಕುಡಿದ.

ಜೂನ್ ಬರ್ತಿದೆ. ಅವನು ಊರಾಗಿನ ಸಾಲಿಗೆ ಹೋಗ್ತಾನೆ. ಅಲ್ಲಿ ಅವನ ಹೆಸರು ಹಿಡಿದು ಕರೆಯೋರು ಯಾರು, ಅವನು ಬಾರದ ದಿನ ಹುಡುಕಿಕೊಂಡು ಹೋಗೋರು ಯಾರು? ನಿಮ್ಮ ಊರಿನಲ್ಲೂ ಅಂಥ ಒಬ್ಬ ಹುಡುಗ ಇದ್ದಾನೆ, ಅಂಥ ಒಬ್ಬ ಹುಡುಗಿ ಇದ್ದಾಳೆ. ನಾಳೆ ಬೆಳಿಗ್ಗೆ ಒಮ್ಮೆ ಶಾಲೆ ಕಡೆ ಹೋಗಿ ಬನ್ನಿ.